ಕೌದಿಯಲ್ಲಿ ಸುತ್ತಿದ ಗಿಟಾರು

ತಿರ್ಲಾಪುರ
ಯುಗಾದಿ ಮುಗಿದ ವಾರ

ಅಣ್ಣಾ,

ನಿನ್ನ ಗಿಟಾರು ಈಗ ಮನೆಯಲ್ಲಿಲ್ಲ. ಗಾಬರಿಯಾಗಬೇಡ, ಮೊದಲಿನಿಂದ ಹೇಳುತ್ತೇನೆ. ಬಾಯಿಬಿಟ್ಟು ಹೇಳುವುದು ನನಗೆ ಎಂದೂ ಬರಲಿಲ್ಲ, ನಿನಗೆ ಗೊತ್ತಲ್ಲ. ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವನ ಅಕ್ಷರ, ಸಂಜೆಗೊಮ್ಮೆ ಡೈರಿಯಲ್ಲಿ ನಾಲ್ಕು ಸಾಲು ಗೀಚುವ ಚಟ, ಇಷ್ಟೇ ನನ್ನ ಬಂಡವಾಳ. ನೀನು ಹೋದ ಮೇಲೆ ಆ ಡೈರಿಯಲ್ಲಿ ಮಳೆ, ಬಿತ್ತಿಗೆ, ಹತ್ತಿಯ ಮಾತು ಬಿಟ್ಟು ಬೇರೇನೂ ಇಲ್ಲ. ನಿನ್ನ ವಿಷಯ ಬಂದಲ್ಲೆಲ್ಲ ಪೆನ್ನು ನಿಂತುಬಿಡುತ್ತಿತ್ತು. ನಿನ್ನೆ ಅಣ್ಣಿಗೇರಿಯಿಂದ ತಿರುಗಿ ಬಂದ ಮೇಲೆ ಯಾಕೋ ಕೈ ಸಡಿಲಾಗಿದೆ. ಡೈರಿಗೆ ಬರೆಯುವ ಬದಲು ನಿನಗೇ ಬರೆಯುತ್ತಿದ್ದೇನೆ.

ಅಳ್ನಾವರದ ಸ್ಟೇಶನ್ನಿನ ಬಾಜೂಕಿನ ಆ ಹೆಂಚಿನ ಮನೆ ನೆನಪಿದೆಯೇ? ಕುಂದಗೋಳದಲ್ಲಿ ಕಲಿತ ಹಾಡಿಕೆ ಗಂಟಲು ಕೆಟ್ಟು ನಿಂತುಹೋಗಿ, ನೀನು ಕಟ್ಟಿಗೆ ಅಡ್ಡೆಯಲ್ಲಿ ಲೆಕ್ಕ ಬರೆಯಲು ಹೋದ ಕಾಲ. ಆ ಮನೆಯಲ್ಲಿದ್ದ ಗೋವಾ ಕಡೆಯ ರೇಲ್ವೆ ಮನುಷ್ಯ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಯ ಮೇಲೆ ಉಕ್ಕಿನ ಸರಳು ಜಾರಿಸುತ್ತಿದ್ದನಂತೆ. 'ಈರಪ್ಪ, ಅದು ಬಾರಿಸೂದಲ್ಲೋ, ಹಾಡೂದು. ನನ್ನ ಗಂಟಲಾ ಅಲ್ಲೇ ಐತಿ' ಎಂದು ನೀನು ಊರಿಗೆ ಬಂದು ಹೇಳಿದಾಗ ಅಪ್ಪ ಎದ್ದು ಹೊರಗೆ ಹೋಗಿದ್ದರು. ಆತನಿಗೆ ಬೇರೆ ಊರಿಗೆ ವರ್ಗವಾದಾಗ ನಾವಿಬ್ಬರೂ ಹತ್ತಿ ಮಾರಿದ ದುಡ್ಡು ತೆಗೆದುಕೊಂಡು ಅದನ್ನು ಕೊಳ್ಳಲು ಹೋದೆವು. ಗಿಟಾರಿಗೆ ಪೆಟ್ಟಿಗೆ ಇರಲಿಲ್ಲ. ಅವ್ವ ಹಳೆ ಸೀರೆ ಕೂಡಿಸಿ ಹೊಲಿದ ಕೌದಿಯಲ್ಲಿ ಸುತ್ತಿ ಬಸ್ಸು ಹತ್ತಿದೆವು.

ಆ ಬಸ್ಸಿನ ಕಂಡಕ್ಟರ್! "ಏನ್ರೀ ಅದು? ಮ್ಯಾಲ ಹಾಕ್ರಿ" ಅಂದ.

"ಮ್ಯಾಲ ಬ್ಯಾಡ್ರಿ, ಸೀಳತೈತಿ" ಅಂದೆ ನೀನು.

"ನೋಡ್ರಿ, ಲಗೇಜ್ ಆದ್ರ ಮ್ಯಾಲ, ಕೂಸಾದ್ರ ತೊಡಿ ಮ್ಯಾಲ. ಇದು ಯಾವುದು, ನೀವ ಹೇಳ್ರಿ."

"ಕೂಸರೀ" ಅಂದುಬಿಟ್ಟೆ ನೀನು. ಬಸ್ಸಿಗೆ ಬಸ್ಸೇ ನಕ್ಕಿತು. ಹಿಂದಿನ ಸೀಟಿನ ಮುದುಕಿ ಕೌದಿಯ ತುದಿ ಎತ್ತಿ ನೋಡಿ, "ಯವ್ವಾ, ಎಷ್ಟ ಉದ್ದ ಕುತಿಗಿನ ಕೂಸು!" ಅಂದಳು. ಊರು ಬರುವವರೆಗೆ ನೀನು ಅದನ್ನು ತೊಡೆಯಿಂದ ಇಳಿಸಲಿಲ್ಲ. ಆಮೇಲೂ ಎಲ್ಲಿ ಇಳಿಸಿದೆ?

ಊರ ಮಂದಿ ಮೊದಮೊದಲು ಆಡಿದ್ದನ್ನೂ ನಾನು ಮರೆತಿಲ್ಲ. 'ನಿಮ್ಮಣ್ಣ ವಾದ್ಯ ಬಾರಸ್ತಾನೋ, ಚಪಾತಿ ಲಟ್ಟಸ್ತಾನೋ?' ಎಂದು ಕಟ್ಟೆಯ ಮೇಲೆ ಕುಳಿತವರು ನನ್ನನ್ನು ಕೇಳುತ್ತಿದ್ದರು. ನಾನು ಎತ್ತು ಹೊಡೆದುಕೊಂಡು ಸುಮ್ಮನೆ ಹೋಗುತ್ತಿದ್ದೆ. ಮುಂದೆ ನೀನು ರೇಡಿಯೋದಲ್ಲಿ ಬಾರಿಸಿದ ದಿನ ಅದೇ ಮಂದಿ ಚಹಾದಂಗಡಿಯ ಮುಂದೆ ನಿಂತು, 'ಶ್, ಮಾತಾಡಬ್ಯಾಡ್ರಲೇ' ಎಂದು ಒಬ್ಬರಿಗೊಬ್ಬರು ಗದರಿಸಿದರು. ಪುಣೆ, ಮುಂಬಯಿಯಿಂದ ಕರೆ ಬಂದವು. ಎಲ್ಲಿಗೆ ಹೋದರೂ ಅದೇ ಗಿಟಾರು. ಬಾರಿಸುವಾಗ ನಿನ್ನ ಬಲಗೈಯ ಮಣಿಕಟ್ಟು ಊರುತ್ತಿದ್ದ ಕಡೆ ಬಣ್ಣ ಹೋಗಿ, ಒಳಗಿನ ಕಟ್ಟಿಗೆ ಅಂಗೈಯಷ್ಟು ಬೆಳ್ಳಗೆ ಕಾಣುತ್ತಿತ್ತಲ್ಲ... ನೀನು ಹೋದ ಮೇಲೆ ದಿನಾ ಸಂಜೆ ಹೊಲದಿಂದ ಬಂದು ನಾನು ಆ ಜಾಗದ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದೆ. ಯಾರಿಗೂ ಹೇಳಿಲ್ಲ.

ನೀನು ಹಾಸಿಗೆ ಹಿಡಿದ ಬೇಸಿಗೆಯಲ್ಲೇ ಗಿಟಾರಿನ ಮುಖದ ಹಲಗೆಗೆ ಒಂದು ಸೀಳು ಬಿಟ್ಟಿತ್ತು. ಹೆಂಡತಿಯ ಜೀವ ಅಲ್ಲವೇ, ನಿನಗೆ ತೋರಿಸಬಾರದೆಂದು ವೈನಿ ಅದನ್ನು ಗೋಡೆಯ ಕಡೆ ಮುಖ ಮಾಡಿ ಇಟ್ಟಿದ್ದರು. ನೀನು ಗಟ್ಟಿಯಿದ್ದಾಗ ಅದನ್ನು ಒಣ ಅರಿವೆಯಿಂದ ಒರೆಸುತ್ತಿದ್ದೆ, ಬೇರೆ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ನೀನು ಹೋದ ಮೇಲೆ ವೈನಿಗೆ ಅದರ ಸೀಳೇ ಕಣ್ಣಿಗೆ ಕಟ್ಟಿತು. ಅವರಿಗೆ ಗೊತ್ತಿದ್ದದ್ದು ನಮ್ಮ ಮನೆಯ ಕಟ್ಟಿಗೆ. ನೊಗ ಸೀಳಿದರೆ ಎಣ್ಣೆ, ಕೂರಿಗೆ ಒಣಗಿದರೆ ಎಣ್ಣೆ. ಶ್ರಾವಣದಿಂದ ಪ್ರತಿ ಸೋಮವಾರ ವಿಭೂತಿ ಹಚ್ಚಿ, ಬಟ್ಟಲಲ್ಲಿ ಕುಸುಬಿ ಎಣ್ಣೆ ತೆಗೆದುಕೊಂಡು, ಕೂಸಿಗೆ ಹಚ್ಚುವ ಹಾಗೆ ತಿಕ್ಕಿದರು. ಗಿಟಾರು ಫಳಫಳ ಹೊಳೆಯುತ್ತಿತ್ತು. ನಾನೂ ನೋಡಿ, ಚಂದ ಆಗೇತಿ ಅಂದೆ. ನಮಗೇನು ಗೊತ್ತು?

ದಸರೆಗೆ ಮಾನವಮಿಯ ಖಂಡೇಪೂಜೆ ಮುಗಿದ ಮೇಲೆ ಧಾರವಾಡದಿಂದ ಒಬ್ಬ ಪ್ರೊಫೆಸರರು ಬಂದರು. ದೊಡ್ಡ ಕಲಾವಿದರ ವಾದ್ಯಗಳನ್ನು ಕೂಡಿಸಿ ಇಡುವ ಕೋಣೆ ಕಟ್ಟಿಸಿದ್ದಾರಂತೆ. ಬಹಳ ಸಮಾಧಾನದ ಮನುಷ್ಯ. ಮಣಿಕಟ್ಟಿನ ಆ ಜಾಗ ನೋಡಿ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ತಾಯಿ, ಇದಕ್ಕ ಯಾರೂ ಕೈ ಹಚ್ಚಬಾರದು. ಸೀಳು ಇರಲಿ, ವಿಭೂತಿ ಕಲೆ ಇರಲಿ. ಹ್ಯಾಂಗ ಐತೋ ಹಾಂಗ ಗಾಜಿನ ಪೆಟ್ಟಿಗ್ಯಾಗ ಇಡ್ತೀವಿ. ನೂರು ವರ್ಷ ಆದ್ರೂ ಮಂದಿ ನೋಡ್ತಾರ" ಅಂದರು. ಸುಳ್ಳು ಹೇಳಲೇಕೆ, ನನ್ನ ಮನಸ್ಸು ಅವರ ಕಡೆಗೇ ಇತ್ತು.

ಅದೇ ತಿಂಗಳು ನಿನ್ನ ಶಿಷ್ಯೆ ಗಂಗಕ್ಕೋರು ಬಂದರು. ಅಣ್ಣಿಗೇರಿ ಸಾಲಿಯಲ್ಲಿ ಪಾಠ ಹೇಳಿ ಭಾನುವಾರ ಭಾನುವಾರ ಬಸ್ಸಿನಲ್ಲಿ ಕಲಿಯಲು ಬರುತ್ತಿದ್ದವರು, ನೀನು ಹೋದ ಮೇಲೂ ಬರುವುದು ಬಿಟ್ಟಿಲ್ಲ. ಈ ಸಲ ಹುಬ್ಬಳ್ಳಿಗೆ ತಂಬೂರಿ ಕೆಲಸಕ್ಕೆ ಬಂದಿದ್ದ, ವಾದ್ಯ ಮಾಡುವ ಮಿರಜಿನ ಸಾಹೇಬರನ್ನು ಕರೆತಂದಿದ್ದರು. "ವೈನಿ, ರಿಪೇರಿ ಮಾಡಿಸಿದ್ರ ಗುರುಗಳ ವಾದ್ಯ ಮತ್ತ ಮಾತಾಡತೈತ್ರಿ" ಎಂದರು. ಸಾಹೇಬರು ಹಲಗೆಯನ್ನು ಉಗುರಿನಿಂದ ತಟ್ಟಿದರು. ಮಣ್ಣಿನ ಗೋಡೆ ತಟ್ಟಿದ ಸಪ್ಪಳ. ಮೂಸಿ ನೋಡಿದರು.

"ಇದಕ್ಕ ಎಣ್ಣಿ ಯಾರು ಹಾಕಿದ್ರೀ?"

ನಾನು 'ನಾನೇ' ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ವೈನಿ ಅಡಿಗೆಮನೆ ಬಾಗಿಲಲ್ಲಿ ನಿಂತು, "ನಾನ್ರೀ" ಅಂದರು.

ಸಾಹೇಬರ ದನಿ ಮೆತ್ತಗಾಯಿತು. "ಬರೀ ಸೀಳಾಗಿದ್ರ ಅಂಟಿಸತಿದ್ದೆ, ಅಕ್ಕಾ. ಎಣ್ಣಿ ಕುಡದ ಕಟಗಿ ಅಂಟು ಹಿಡಿಯೂದಿಲ್ಲ, ದನಿನೂ ಬಿಡೂದಿಲ್ಲ. ಮುಖದ ಹಲಗಿ ತಗದು ಹೊಸಾದು ಕೂಡ್ರಿಸಬೇಕು. ಇಲ್ಲಾ, ಹೀಂಗ ಬಿಡಬೇಕು."

ಹೊಸ ಹಲಗೆ ಎಂದರೆ ಏನರ್ಥ? ನಿನ್ನ ಮಣಿಕಟ್ಟಿನ ಗುರುತು ಹೋಗುತ್ತದೆ. ಹೀಗೇ ಬಿಡುವುದೆಂದರೆ ನಿನ್ನ ದನಿ ಹೋಗುತ್ತದೆ. ಎರಡರಲ್ಲಿ ಒಂದು. ಗಂಗಕ್ಕೋರ ಮುಖ ನೋಡಲಾಗಲಿಲ್ಲ.

ಅವತ್ತಿನಿಂದ ವೈನಿ ಗಿಟಾರು ಇದ್ದ ಕೋಣೆಗೆ ಹೋಗುವುದನ್ನೇ ಬಿಟ್ಟರು. ಸೋಮವಾರ ಬಂದರೆ ಬಟ್ಟಲು ತೊಳೆದು ಬೋರಲು ಹಾಕುತ್ತಿದ್ದರು, ಅಷ್ಟೇ. ಒಂದು ದಿನ ರೊಟ್ಟಿ ಬಡಿಯುತ್ತ, ತವೆಯ ಕಡೆ ನೋಡಿಕೊಂಡೇ ಕೇಳಿದರು. "ಈರಪ್ಪ, ಅವರ ಗಂಟಲಾ ಅದರಾಗ ಇತ್ತಲ್ಲ. ನಾ ಅದನ್ನ..." ನಾನು ತವೆಯ ಕಡೆ ಕೈ ತೋರಿಸಿ, "ವೈನಿ, ರೊಟ್ಟಿ ಸೀದತು" ಅಂದೆ. ಎಂಥ ಮಾತು! ನೀನಿದ್ದರೆ ಏನೆನ್ನುತ್ತಿದ್ದೆ ಅಣ್ಣಾ? ನಕ್ಕು, 'ಎಣ್ಣಿ ಹಚ್ಚಿದವರಿಗೆ ಒಗ್ಗರಣಿನೂ ಹಾಕಾಕ ಬರತೈತಿ' ಎಂದು ಏನಾದರೂ ಚಾಷ್ಟಿ ಮಾಡಿ ಅವರನ್ನು ಹಗುರ ಮಾಡುತ್ತಿದ್ದೆಯೇನೋ. ನನಗೆ ಅದು ಬರುವುದಿಲ್ಲ. ಪ್ರೊಫೆಸರರ ಎರಡು ಕಾಗದ ಬಂದವು. ಉತ್ತರ ಬರೆಯಲು ಕೂತರೆ, ಅದೇ, ಪೆನ್ನು ನಿಲ್ಲುತ್ತಿತ್ತು.

ಸಂಕ್ರಾಂತಿ ಮುಂದೆ ನನ್ನ ಮಗಳು ಶಾಂತಾ ಚೊಚ್ಚಲ ಬಾಣಂತನಕ್ಕೆ ಮನೆಗೆ ಬಂದಳು. ನೀನು ಎತ್ತಿ ಆಡಿಸಿದ ಹುಡುಗಿ. ಅಟ್ಟದಿಂದ ಅಜ್ಜಿಯ ತೊಟ್ಟಿಲು ಇಳಿಸಿದೆವು, ಅದೇ ಕಲಘಟಗಿಯ ಬಣ್ಣದ ತೊಟ್ಟಿಲು, ನಿನ್ನನ್ನೂ ನನ್ನನ್ನೂ ತೂಗಿದ್ದು. ಒಂದು ಬದಿಯ ಹಲಗೆ ಹುಳ ತಿಂದು ಪುಡಿಯಾಗಿತ್ತು. ಕಲಘಟಗಿಗೆ ಒಯ್ದು ಹಾಕಿಸಿಕೊಂಡು ಬಂದೆ. ವೈನಿ ಅದನ್ನು ಅಂಗಳದಲ್ಲಿ ಇಟ್ಟುಕೊಂಡು ಒರೆಸುತ್ತ ಕುಳಿತಿದ್ದರು.

"ಹೊಸಾ ಹಲಗಿ ಬಣ್ಣ ಅಗದಿ ಬ್ಯಾರೇನ ಕಾಣಸ್ತೈತಿ" ಅಂದಳು ಶಾಂತಾ.

"ಈಗ ಕಾಣಸ್ತೈತಿ. ನಾಕು ಕೂಸು ಮಲಗಲಿ, ಕೂಡತೈತಿ" ಅಂದರು ವೈನಿ. "ಈ ಬಾಜೂಕಿಂದು ನಮ್ಮತ್ತಿ ಹಾಕಿಸಿದ್ದು. ಕಾಲು ನಾ ಬಂದ ಮ್ಯಾಲೆ ಹಾಕಿಸಿದ್ದು. ಅಜ್ಜಿ ಕಾಲದ್ದು ಅಂದ್ರ ಇದೊಂದ ತಲಿ ಕಡೆ ಹಲಗಿ ಉಳದೈತಿ ನೋಡು."

"ಹಂಗಾದ್ರ ಇದನ್ಯಾಕ ಅಜ್ಜಿ ತೊಟ್ಟಲಾ ಅಂತೀರಿ, ದೊಡ್ಡವ್ವಾ?"

ವೈನಿಯ ಕೈ ನಿಂತಿತು. ಆ ಹೊಸ ಹಲಗೆಯನ್ನೇ ನೋಡಿದರು. "ಕೂಸು ಮಲಗೇತಲ್ಲವ್ವಾ, ಅದಕ್ಕ" ಅಂದರು. ಆಮೇಲೆ ನನ್ನ ಕಡೆ ತಿರುಗಿ, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, "ಈರಪ್ಪ, ಮಿರಜಿಗೆ ಕಾಗದಾ ಹಾಕು. ಹಳೇ ಹಲಗಿ ಮಾತ್ರ ಮನಿಗೆ ತಿರುಗಿ ಬರಬೇಕಂತ ಬರಿ" ಎಂದರು. ಆ ಕಾಗದ ಬರೆಯುವಾಗ ಪೆನ್ನು ನಿಲ್ಲಲಿಲ್ಲ ಅಣ್ಣಾ.

ಮೊನ್ನೆ ಪ್ರೊಫೆಸರರು ಕಡೆಯ ಸಲ ಕೇಳಲು ಬಂದಾಗ ಮಿರಜಿನಿಂದ ಗಿಟಾರು ಬಂದಾಗಿತ್ತು. ಹೊಸ ಮುಖ ನೋಡಿ ಅವರಿಗೆ ಬಹಳ ಕೆಡುಕೆನಿಸಿತು. ವೈನಿ ಅವರಿಗೆ ಚಹಾ ಕೊಟ್ಟು, "ಸಿಟ್ಟಾಗಬ್ಯಾಡ್ರಿ. ಖಾಲಿ ತೊಟ್ಟಲಾ ಕಟ್ಟಿ ತೂಗಬಾರದ್ರಿ, ಕೂಸಿದ್ದ ಮನಿಗೆ ಕಳಸಬೇಕು" ಅಂದು, ನಿನ್ನ ಫೋಟೋ, ಕಚೇರಿಗೆ ಸುತ್ತುತ್ತಿದ್ದ ಕೇಸರಿ ರುಮಾಲು ತಂದು ಕೊಟ್ಟರು. "ಇವನ್ನ ಗಾಜಿನ್ಯಾಗ ಇಡ್ರಿ. ಇವಕ್ಕ ದನಿ ಇಲ್ಲ." ಪ್ರೊಫೆಸರರು ರುಮಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕುಳಿತರು. ಅಷ್ಟರಲ್ಲಿ ಗಂಗಕ್ಕೋರು ಬಂದರು. "ಕೇಳಿ ಹೋಗ್ರಿ" ಎಂದು ವೈನಿ ಪ್ರೊಫೆಸರರನ್ನೂ ಕೂಡಿಸಿಕೊಂಡರು.

ಗಂಗಕ್ಕೋರು ಸರಳು ಹಿಡಿದು ಮೊದಲ ಎಳೆತ ಎಳೆದಾಗ ನಾನು ಕಣ್ಣು ಮುಚ್ಚಿದ್ದೆ. ನಿನ್ನ ದನಿ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ. ಹಸಿ ದನಿ, ಸ್ವಲ್ಪ ಒರಟು. ಗಂಗಕ್ಕೋರು ಅರ್ಧಕ್ಕೇ ನಿಲ್ಲಿಸಿ, "ಹೊಸಾ ಹಲಗಿ ಪಳಗಾಕ ಎಷ್ಟೋ ವರ್ಷ ಬೇಕ್ರಿ ವೈನಿ" ಎಂದು ತಪ್ಪು ಮಾಡಿದವರಂತೆ ತಲೆ ತಗ್ಗಿಸಿದರು. ವೈನಿ ಮಾತ್ರ ಗೋಡೆಗೆ ಒರಗಿ ಕೇಳುತ್ತಿದ್ದವರು, "ಯಾಕ ನಿಲ್ಲಿಸಿದಿ? ಅವರೂ ಮೊದಲಿಗೆ ಹೀಂಗ ಕರಕರಾ ಅನಸ್ತಿದ್ರು. ನಾ ಕೇಳಿಲ್ಲೇನು? ಬಾರಿಸು" ಅಂದರು. ಅಣ್ಣಾ, ನಿನ್ನ ಹೊಸದರಲ್ಲಿ ಕುಳಿತು ಕೇಳಿದವರು ಅವರೊಬ್ಬರೇ ಅಲ್ಲವೇ? ನಾವೆಲ್ಲ ಕಿವಿಗೊಟ್ಟಿದ್ದು ನೀನು ದೊಡ್ಡವನಾದ ಮೇಲೆ.

ಹಳೆಯ ಹಲಗೆಯನ್ನು ದೇವರ ಜಗಲಿಯ ಬಾಜೂಕ್ಕೆ ತೂಗುಹಾಕಿದ್ದೇವೆ. ಸಂಜೆ ನಾನು ಈಗಲೂ ಕೈ ಇಡುತ್ತೇನೆ. ವೈನಿ ಅದನ್ನು ಒಣ ಅರಿವೆಯಿಂದ ಒರೆಸುತ್ತಾರೆ. ಗಿಟಾರು ಇನ್ನು ಗಂಗಕ್ಕೋರ ಹತ್ತಿರ ಇರುತ್ತದೆ. ಅವರು ಒಯ್ಯುತ್ತೇನೆಂದರೂ ವೈನಿ ಕೇಳಲಿಲ್ಲ. "ಹೆಣ್ಣಮಗಳನ್ನ ಹಂಗ ಕಳಸ್ತಾರೇನು? ನಾವ ಹೋಗಿ ಬಿಟ್ಟ ಬರೂಣು" ಅಂದರು. ತವರಿಗೆ ಬರುವ ಮಗಳಂತೆ ಅದನ್ನು ಪಂಚಮಿ ಹಬ್ಬಕ್ಕೆ ಮನೆಗೆ ಕರೆತರಬೇಕೆಂದು ಮಾತಾಗಿದೆ. ಪ್ರತಿ ವರ್ಷ ನಾನೇ ಹೋಗಿ ಕರೆತರುತ್ತೇನೆ, ಇದು ನಾನು ನಿನಗೆ ಕೊಡುವ ಮಾತು. ಶಾಂತಾಗೆ ಹೆಣ್ಣುಮಗು ಹುಟ್ಟಿದೆ, ಅದನ್ನೂ ಹೇಳುವುದು ಮರೆತೆ. ಅಳುವ ದನಿ ಕೇಳಿದರೆ ನೀನು ಹಾರ್ಮೋನಿಯಂನ ಯಾವ ಪಟ್ಟಿಯ ಸ್ವರ ಎಂದು ಹೇಳುತ್ತಿದ್ದೆ.

ನಿನ್ನೆ ಅಣ್ಣಿಗೇರಿ ಬಸ್ಸಿನಲ್ಲಿ ಕೌದಿಯ ಗಂಟು ನನ್ನ ತೊಡೆಯ ಮೇಲಿತ್ತು. ಸ್ವಲ್ಪ ದೂರ ಹೋದ ಮೇಲೆ ವೈನಿ, "ಇಲ್ಲಿ ಕೊಡು" ಅಂದರು. ಇಷ್ಟು ವರ್ಷದಲ್ಲಿ ಅವರು ಅದನ್ನು ತೊಡೆಯ ಮೇಲೆ ತೆಗೆದುಕೊಂಡಿದ್ದು ನಾನು ನೋಡಿರಲಿಲ್ಲ. ಎರಿಮಣ್ಣಿನ ರಸ್ತೆ, ಬಸ್ಸು ಕುಲುಕಿದಾಗಲೆಲ್ಲ ಒಳಗೆ ತಂತಿಗಳು ಸಣ್ಣಗೆ ಗುಂಯ್ ಅನ್ನುತ್ತಿದ್ದವು. ಎದುರಿನ ಸೀಟಿನವರು ತಿರುಗಿ ನೋಡಿದರು. ವೈನಿ ಕೌದಿಯ ಮೇಲೆ ಮೆಲ್ಲಗೆ ತಟ್ಟುತ್ತ, "ಬಂತು, ಬಂತು, ಅಣ್ಣಿಗೇರಿ ಬಂತು" ಎಂದು ಅದಕ್ಕೇ ಹೇಳುತ್ತಿದ್ದರು.

ನಿನ್ನ ತಮ್ಮ,
ಈರಪ್ಪ