ಬಿಲದ ಮುಂದಿನ ಹೆಜ್ಜೆಗಳು

ಯಾರ್ಲಾ ಬಾವಿ
ಗುರುವಾರ, 25 ಸೆಪ್ಟೆಂಬರ್

ಪ್ರೀತಿಯ ಡಲ್ಸಿ ಅತ್ತಿಗೆ,

ಕೈಯ ಊತ ಇಳಿಯಿತೇ? ರಕ್ತ ತೊಳೆಯುವ ಯಂತ್ರದ ಸೂಜಿ ಚುಚ್ಚುವ ಜಾಗ ಕಪ್ಪಾಗಿದೆ ಎಂದಿದ್ದೆ. ಆ ದೂರದ ಪಟ್ಟಣದ ಆಸ್ಪತ್ರೆಯ ಉಪ್ಪಿಲ್ಲದ ಊಟವನ್ನು ಬೈದುಕೊಂಡಾದರೂ ಉಣ್ಣು. ಇಲ್ಲಿ ನಾವೆಲ್ಲ ಇದ್ದೇವೆ. ಬೆಳಗಿನ ತಂಪು ದಿನದಿಂದ ದಿನಕ್ಕೆ ಬೇಗ ಮುಗಿಯುತ್ತಿದೆ, ನಾಯಿಗಳು ಆಗಲೇ ನೆರಳು ಹುಡುಕುತ್ತಿವೆ. ಮೊನ್ನೆ ಕಾಂಗರೂ ಬಾಲ ಸುಟ್ಟಾಗ ನಿನ್ನ ಮೊಮ್ಮಗಳು ರಿಕೀಶಾ ಕೊಬ್ಬಿನ ತುಂಡೊಂದನ್ನು ಅಜ್ಜಿಗೆಂದು ಎತ್ತಿಟ್ಟಳು. ಸಂಜೆಯವರೆಗೂ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ನಾಯಿ ತಿಂದಿತು.

ಶಾಲೆಯ ಮಕ್ಕಳನ್ನು ವಾರಕ್ಕೊಮ್ಮೆ ನೆಲದ ಪಾಠಕ್ಕೆ ಕರೆದೊಯ್ಯುತ್ತೇನಲ್ಲ, ಈ ಚಳಿಗಾಲವೆಲ್ಲ ನಮ್ಮ ಪಾಠ ಒಂದೇ ಬಿಲದ ಸುತ್ತ. ಮುಳ್ಳುಹುಲ್ಲಿನ ಬಯಲಿನಲ್ಲಿ ಉಳಿದಿರುವ ಕೊನೆಯ ವರ್ರಾರ್ನಾ ಹಲ್ಲಿಗಳ, ಆ ಮೊಳದುದ್ದದವುಗಳ, ಬಿಲ ಅದು, ನಿನ್ನ ತಾಯಿ ಕಾಯುತ್ತಿದ್ದದ್ದು. ಆ ಹಲ್ಲಿಗಳು ಮಕ್ಕಳುಮರಿಗಳೊಂದಿಗೆ ಒಂದೇ ಬಿಲದಲ್ಲಿ ಸಂಸಾರ ಹೂಡುತ್ತವೆ, ಹೊರಗೆ ಒಂದೇ ಜಾಗದಲ್ಲಿ ಹಿಕ್ಕೆ ಹಾಕುತ್ತವೆ ಎಂದು ಹೇಳಿದ್ದೇ ತಡ, ರಿಕೀಶಾ, "ಚಿಕ್ಕಜ್ಜಿ, ನಮ್ಮನೇಲೂ ಅಷ್ಟು ಜನಕ್ಕೆ ಒಂದೇ ಕಕ್ಕಸ್ಸು. ಹಾಗಾದ್ರೆ ಇವು ನಮ್ಮೋರೇ ಬಿಡಿ!" ಎಂದಳು. ಮಕ್ಕಳು ನಕ್ಕು ನಕ್ಕು ಮರಳಿನ ಮೇಲೆ ಉರುಳಾಡಿದರು.

ಬೆಂಕಿಯ ಪಾಠವೂ ಅವರಿಗೆ ಬಾಯಿಗೆ ಬಂದಿದೆ. ತಂಪಿನಲ್ಲಿ ಹಚ್ಚಬೇಕು, ತೇಪೆ ತೇಪೆಯಾಗಿ ಸುಡಬೇಕು, ಪ್ರಾಣಿಗಳು ಅಡಗಿಕೊಳ್ಳಲು ನಡುನಡುವೆ ಹುಲ್ಲು ಬಿಡಬೇಕು. ಹೀಗೆ ಮೊದಲೇ ಸುಡದಿದ್ದರೆ ಬೇಸಿಗೆಯ ಸಿಡಿಲಿಗೆ ಬಯಲೆಲ್ಲ ಒಂದೇ ಸಲ ಹೋಗುತ್ತದೆ. ದನಗಳಿಗೆಂದು ಹೊರಗಿನಿಂದ ತಂದ ಆ ಹಾಳು ಹುಲ್ಲು ಈ ಸಲ ಸೊಂಟದೆತ್ತರ ಬೆಳೆದು ಒಣಗಿ ನಿಂತಿದೆ. ಮಕ್ಕಳು ಇಷ್ಟನ್ನೂ ಒಪ್ಪಿಸುತ್ತಾರೆ. ಆದರೆ ಹಚ್ಚಿದ್ದನ್ನು ಒಬ್ಬರೂ ನೋಡಿಲ್ಲ. ಇಲ್ಲದ ಊರಿಗೆ ದಾರಿ ಹೇಳಿಕೊಡುತ್ತಿದ್ದೇನೇನೋ ಅನ್ನಿಸುತ್ತದೆ ನನಗೆ.

ಈ ನೆಲ ನನಗೆ ಅಪ್ಪನ ಮನೆ, ನಿನಗೆ ತಾಯಿಯ ತವರು. ಮನೆಯವರಾದ ನಾವು ಕಡ್ಡಿ ಗೀರಬೇಕಾದರೆ ಮನೆಯ ಹೆಣ್ಣುಮಕ್ಕಳ ಮಕ್ಕಳು "ಹಚ್ಚು" ಅನ್ನಬೇಕು. ಹಾಗೆ ಅನ್ನಬಲ್ಲವರಲ್ಲಿ ಉಳಿದವಳು ನೀನೊಬ್ಬಳೇ. ಫೋನಿನಲ್ಲೇ ಅಂದುಬಿಡು ಎಂದು ಕೇಳಿದ್ದಕ್ಕೆ ಎಂಥ ಬೈಗುಳ ಬೈದೆ! "ಏನೇ ಟೀಚರಮ್ಮ, ಹುಲ್ಲು ತುಳೀದೆ, ಗಾಳಿ ಮೂಸದೆ, ಮಲಗಿದ ಕಡೆಯಿಂದ ಹಚ್ಚು ಅನ್ನೋಕೆ ನಾನೇನು ಲೈಟರ್ರಾ?" ಆಮೇಲೆ ದನಿ ತಗ್ಗಿಸಿ, "ಚಳಿಗೆ ಒಳಗೆ ಮಲಗಿದ್ದ ಹಲ್ಲಿ ಹೊರಗೆ ಬಂತಾ ಹೇಳು. ಬಂದಿದ್ರೆ, ಅವಿನ್ನೂ ಬದುಕಿದ್ರೆ, ಎರಡು ಸಲ ರಕ್ತ ತೊಳೆಸೋದು ತಪ್ಪಿಸಿ ಬಂದುಬಿಡ್ತೀನಿ. ಆದದ್ದಾಗಲಿ" ಎಂದೆ. ಎರಡು ಸಲ ತಪ್ಪಿಸಿದವರು ಏನಾದರು ಎಂಬುದು ನಿನಗೂ ಗೊತ್ತು, ನನಗೂ ಗೊತ್ತು. ರಿಕೀಶಾ ನನ್ನ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಳು. ಅವಳ ಕಿವಿಗೆ ಬಿದ್ದದ್ದು "ಬಂದುಬಿಡ್ತೀನಿ" ಎಂಬ ಮಾತೊಂದೇ.

ಈ ವಾರ ಬಿಲದ ಬಾಯಲ್ಲಿ ಹೆಜ್ಜೆ ಕಾಣಿಸಿವೆಯಂತೆ. ರಿಕೀಶಾ ದಿನವೂ ಶಾಲೆಗೆ ಮೊದಲೇ ಒಬ್ಬಳೇ ಹೋಗಿ ನೋಡಿ ಬರುತ್ತಾಳೆ. "ಅಜ್ಜಿಗೆ ಬರೀರಿ ಚಿಕ್ಕಜ್ಜಿ. ಬಾಲ ಎಳೆದ ಗೆರೇನೂ ಇದೆ ಅಂತ ಮರೀದೆ ಬರೀರಿ" ಎಂದು ನನ್ನ ಬೆನ್ನು ಬಿಟ್ಟಿಲ್ಲ. ಬರೆದಿದ್ದೇನೆ. ಅಂಚೆ ವಿಮಾನ ಬರುವುದರೊಳಗೆ ನಾನೂ ಒಮ್ಮೆ ಹೋಗಿ ನೋಡುತ್ತೇನೆ.

ಅಲ್ಲಿ ನಿನ್ನ ಜೊತೆ ಮಲಗಿರುವ ನಮ್ಮ ಕಡೆಯ ಮುದುಕಿಯರಿಗೆಲ್ಲ ನನ್ನ ನೆನಪು ತಿಳಿಸು. ನಿನ್ನ ತಾಯಿಯ ನೆಲ ನಿನ್ನ ಕಾಲನ್ನು ಮರೆತಿಲ್ಲ. ಅದು ನಿನ್ನನ್ನು ಕಾಯಲಿ.

ನಿನ್ನ ನಾದಿನಿ,
ಎಲ್ವಾ

ಮತ್ತೆ: ವಿಮಾನದ ಸದ್ದು ಕೇಳಿಸುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಬಿಲದಿಂದ ಈಗ ಬಂದೆ. ಹೆಜ್ಜೆಗಳಿವೆ, ಬಾಲದ ಗೆರೆಯೂ ಇದೆ. ನಮ್ಮ ಹೆಂಗಸರು ಮರಳಿನ ಮೇಲೆ ಕಥೆ ಹೇಳುವಾಗ ಬೆರಳಿನಿಂದ ಒತ್ತುವ ಹೆಜ್ಜೆಗಳು ಅವು. ಪಕ್ಕದಲ್ಲೇ ರಿಕೀಶಾಳ ಮಂಡಿ ಊರಿದ ಗುರುತಿತ್ತು, ಒರೆಸಲು ಮರೆತಿದ್ದಾಳೆ. ಹಿಕ್ಕೆ ಹೋದ ವರ್ಷದ್ದು, ಬೆಳ್ಳಗಾಗಿದೆ, ಮುಟ್ಟಿದರೆ ಪುಡಿ. ಬಿಲದ ಬಾಯಿಗೆ ಜೇಡ ಬಲೆ ಕಟ್ಟಿದೆ. ನೀನು ಬರಲೆಂದು ಮಾಡಿದ್ದಾಳೆ. ರಕ್ತ ತೊಳೆಸುವುದನ್ನು ತಪ್ಪಿಸಬೇಡ ಅತ್ತಿಗೆ, ಬರಬೇಡ. ಹಚ್ಚಿ ಉಳಿಸುವುದಕ್ಕೆ ಇಲ್ಲಿ ಏನೂ ಇಲ್ಲ. ಭಾನುವಾರ ಅವಳು ಫೋನ್ ಮಾಡುತ್ತಾಳೆ. ಬೈಯಬೇಡ, ಸುಮ್ಮನೆ ಹೂಂ ಅಂತಲೂ ಅನ್ನಬೇಡ. ಹೆಜ್ಜೆ ಎಷ್ಟು ಅಗಲ, ಯಾವ ಕಾಲು ಮುಂದೆ, ಉಗುರು ಎಲ್ಲಿ ಊರಿದೆ ಎಂದು ಒಂದೊಂದಾಗಿ ಕೇಳು. ಒಂದೂ ತಪ್ಪದೆ ಹೇಳುತ್ತಾಳೆ.