ಶನಿವಾರದ ವಿಮಾನ ಹತ್ತಬೇಡ

ಹೋಲ್ಮ್‌ಬಿ, ಮಿನೆಸೋಟ
ಅಕ್ಟೋಬರ್ ೨೬, ಸೋಮವಾರ ಬೆಳಿಗ್ಗೆ

ಪ್ರೀತಿಯ ಸೋರೆನ್,

ಹೇಗಿದ್ದೀಯ ಮಗು? ಕಾಲಿನ ಗಾಯ ಒಣಗಿತೇ? ರಾತ್ರಿ ನಿದ್ದೆ ಬರುತ್ತದೆಯೇ? ಆ ಟೆಕ್ಸಸ್ಸಿನ ಆಸ್ಪತ್ರೆಯವರು ಹೊಟ್ಟೆ ತುಂಬ ಊಟ ಹಾಕುತ್ತಾರೋ ಇಲ್ಲವೋ? ಟೀವಿಯಲ್ಲಿ ನಿನ್ನನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಹೋಗುತ್ತಿದ್ದಾಗ ನಿನ್ನ ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು. ಊರೆಲ್ಲ ಚಪ್ಪಾಳೆ ಹೊಡೆಯಿತು. ನಾನು ಮಾತ್ರ ಈ ಹುಡುಗನಿಗೆ ಮೊದಲು ಯಾರಾದರೂ ಆಲೂಗಡ್ಡೆ, ಬೆಣ್ಣೆ ತಿನ್ನಿಸಿರಪ್ಪಾ ಅಂದುಕೊಂಡೆ. ನಾನೂ ನಿಮ್ಮಜ್ಜನೂ ಚೆನ್ನಾಗಿದ್ದೇವೆ. ಸೋಯಾ ಕಟಾವು ಮುಗಿದಿದೆ, ಮೆಕ್ಕೆಜೋಳ ಇನ್ನೂ ಸ್ವಲ್ಪ ನಿಂತಿದೆ. ಅದನ್ನು ಹಾಗೇ ಬಿಟ್ಟು ಅಜ್ಜ ನಿನ್ನ ಹತ್ತಿರ ಹೊರಟಿದ್ದಾರೆ. ನೀನು ಇದನ್ನು ಓದುವಾಗ ಅವರು ನಿನ್ನ ಮಂಚದ ಪಕ್ಕದಲ್ಲಿ ಟೋಪಿ ತಿರುಗಿಸುತ್ತಾ ನಿಂತಿರುತ್ತಾರೆ. ಅವರು ಬಾಯಿ ಬಿಟ್ಟು ಏನೂ ಹೇಳುವುದಿಲ್ಲ ಅಂತ ನಿನಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಈ ಪತ್ರ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಅಂದೀಯ. ನೀನು ಫೋನಿಗೆ ಬಂದಾಗಲೆಲ್ಲ ನಿನ್ನ ಪಕ್ಕದಲ್ಲಿ ಯಾರೋ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೊನ್ನೆ ನಾನು ಲೆಂಗ್ ಹೆಸರು ಎತ್ತಿದ ಕೂಡಲೇ ನೀನು “ಅಜ್ಜಿ, ಅಲ್ಲಿ ಹಿಮ ಬಿತ್ತಾ?” ಅಂತ ಮಾತು ತಿರುಗಿಸಿದೆ. ನಿನ್ನ ಜೊತೆಯಲ್ಲೇ ಓದಿ, ನಿನ್ನ ಜೊತೆಯಲ್ಲೇ ಸೈನ್ಯ ಸೇರಿ, ನಿನ್ನ ಜೊತೆಯಲ್ಲೇ ಸೆರೆಸಿಕ್ಕಿ, ಶವಪೆಟ್ಟಿಗೆಯಲ್ಲಿ ವಾಪಸು ಬಂದ ಹುಡುಗನ ಹೆಸರು ಕೇಳಿ ನನ್ನ ಮೊಮ್ಮಗ ಹಿಮದ ಸುದ್ದಿ ವಿಚಾರಿಸುತ್ತಾನೆಂದರೆ, ಅವನ ಬಾಯಿಯ ಮೇಲೆ ಯಾರದೋ ಕೈ ಇದೆ. ಇಷ್ಟೂ ಅರ್ಥವಾಗದಷ್ಟು ಪೆದ್ದಿಯೇ ನಾನು?

ನೀನು ಇಲ್ಲದಾಗ ಇಲ್ಲಿ ಏನು ನಡೆಯಿತು ಅಂತ ನಿನಗೆ ಯಾರೂ ಹೇಳಿರಲಾರರು. ಬೇಸಿಗೆಯಲ್ಲಿ ನಮ್ಮ ಅಧ್ಯಕ್ಷರ ಹೆಸರೆತ್ತಿದರೆ ಊರಿನವರು ಉಗಿಯುತ್ತಿದ್ದರು. ಪೆಟ್ರೋಲು ತುಟ್ಟಿ, ಗೊಬ್ಬರ ತುಟ್ಟಿ, ಸೋಯಾ ಕೇಳುವವರಿಲ್ಲ. ಎದುರು ಮನೆಯ ಕ್ಲಿಫರ್ಡ್ ಕಾಳಿನ ಉಗ್ರಾಣದ ಮುಂದೆ ನಿಂತು “ಈ ಮಧ್ಯಾವಧಿ ಚುನಾವಣೇಲಿ ಆ ಮನುಷ್ಯನ ಪಕ್ಷದ ಒಬ್ಬನೂ ಗೆಲ್ಬಾರ್ದು” ಅಂತ ದಿನಾ ಕೂಗುತ್ತಿದ್ದ. ನೂರಕ್ಕೆ ಮೂವತ್ತೆಂಟು ಜನ ಮಾತ್ರ ಅಧ್ಯಕ್ಷರನ್ನು ಮೆಚ್ಚುತ್ತಾರೆ ಅಂತ ಟೀವಿಯವರು ಹೇಳಿದರು. ಆ ಮೂವತ್ತೆಂಟು ಜನ ಎಲ್ಲಿದ್ದಾರೋ ಅಂತ ನಾವು ನಗುತ್ತಿದ್ದೆವು. ಅದೇ ಹೊತ್ತಿನಲ್ಲಿ ನಿಮ್ಮ ಹೆಲಿಕಾಪ್ಟರ್ ಯಾವುದೋ ಪರದೇಶದ ಬೆಟ್ಟಗಳಲ್ಲಿ ಬಿತ್ತು. “ಅಜ್ಜಿ, ಇದು ನಿಮ್ಮ ಟ್ರ್ಯಾಕ್ಟರಿಗಿಂತ ಹಳೇದು, ಬಿಡಿಭಾಗ ಬರುತ್ತೆ ಬರುತ್ತೆ ಅಂತ ಕಾಯ್ತಾ ಇದ್ದೀವಿ” ಅಂತ ನೀನೇ ಹೇಳಿದ್ದೆ. ನೀವು ಕಾಣೆಯಾದ ಅಷ್ಟೂ ದಿನ ನಾನು ಫೋನ್ ಮಾಡದ ಕಚೇರಿಯಿಲ್ಲ. “ವಿಚಾರಿಸ್ತಾ ಇದ್ದೀವಿ ಮೇಡಂ” ಅನ್ನುವುದು ಬಿಟ್ಟು ಬೇರೆ ಮಾತು ಒಬ್ಬನ ಬಾಯಲ್ಲೂ ಬರಲಿಲ್ಲ. ಅಧ್ಯಕ್ಷರದೇ ಪಕ್ಷದ ನಮ್ಮ ಸಂಸದ ಮಹಾಶಯನಂತೂ ನನ್ನ ಫೋನ್ ಎತ್ತಲೇ ಇಲ್ಲ.

ಆಮೇಲೆ ನಿಮ್ಮನ್ನು ಬಿಡಿಸಿ ತಂದರು. ಬಿಡಿಸಿದ ಯೋಧರ ಕೈಗೆ ಮುತ್ತಿಡಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಟೀವಿಯಲ್ಲಿ ಬಂದು ನಿಂತವರು ಅವರಲ್ಲ. ಅಧ್ಯಕ್ಷರು ನಕಾಶೆಯ ಮುಂದೆ ನಿಂತು “ನಮ್ಮ ಹುಡುಗರೆಲ್ಲ ಮನೆಗೆ ಬರ್ತಿದ್ದಾರೆ” ಅಂದರು. ಎಲ್ಲರೂ! ಲೆಂಗ್ ಪೆಟ್ಟಿಗೆಯಲ್ಲಿ ಬರುತ್ತಿದ್ದುದನ್ನೂ ಅದರಲ್ಲೇ ಸೇರಿಸಿ ಲೆಕ್ಕ ಒಪ್ಪಿಸಿಬಿಟ್ಟರು. ಒಂದು ವಾರದಲ್ಲಿ ಮೂವತ್ತೆಂಟು ಹೋಗಿ ನಲವತ್ತೇಳಾಯಿತು. ಪೆಟ್ರೋಲಿನ ಬೆಲೆ ಒಂದು ಸೆಂಟೂ ಇಳಿದಿರಲಿಲ್ಲ, ಕ್ಲಿಫರ್ಡನ ಸೋಯಾ ಹಾಗೇ ರಾಶಿ ಬಿದ್ದಿತ್ತು. ಆದರೂ ಅವನ ಅಂಗಳದಲ್ಲಿ ಸಂಸದನ ಹೆಸರಿನ ಫಲಕ ಎದ್ದು ನಿಂತಿತು. “ಏನೋ ಇದು ಕ್ಲಿಫರ್ಡ್?” ಅಂದರೆ, “ಏನೇ ಅನ್ನು ಆರ್ಡಿಸ್, ನಮ್ ಹುಡುಗನ್ನ ಕರ್ಕೊಂಡು ಬಂದ್ನಲ್ಲ ಪುಣ್ಯಾತ್ಮ!” ಅನ್ನುತ್ತಾನೆ. ಕಳಿಸಿದ್ದು ಯಾರೋ ಮೂರ್ಖಾ ಅಂತ ಕೇಳಿದೆ. ಫಲಕಕ್ಕೆ ಇನ್ನೂ ಎರಡು ಏಟು ಬಡಿದು ಒಳಗೆ ಹೋದ.

ಅದೇ ವಾರ ಸಮೀಕ್ಷೆ ಮಾಡುವ ಹುಡುಗಿಯೊಬ್ಬಳು ಫೋನ್ ಮಾಡಿದಳು. ಅಧ್ಯಕ್ಷರ ಕೆಲಸ ತುಂಬ ಮೆಚ್ಚುಗೆಯೋ, ಸ್ವಲ್ಪ ಮೆಚ್ಚುಗೆಯೋ, ಇಲ್ಲವೇ ಇಲ್ಲವೋ ಅಂತ ಕೇಳಿದಳು. ನಾನು ಹೇಳಿದೆ, “ನೋಡಮ್ಮಾ, ನನ್ನ ಮೊಮ್ಮಗ ಜೀವಂತ ಸಿಕ್ಕಿದ್ದಕ್ಕೆ ಮಂಡಿಯೂರಿ ಅತ್ತಿದ್ದೀನಿ. ಅವನನ್ನ ಮುರುಕು ಹೆಲಿಕಾಪ್ಟರಲ್ಲಿ ಅಲ್ಲಿಗೆ ಅಟ್ಟಿದ್ದಕ್ಕೆ ಮೈಯೆಲ್ಲ ಉರೀತಿದೆ. ಪಕ್ಕದ ಬೀದಿ ಹುಡುಗ ಸತ್ತಿದ್ದಾನೆ. ಇದಕ್ಕೆ ಯಾವ ಅಂಕಿ ಹಾಕ್ತೀಯ?” ಅವಳು ಪಾಪ, “ಅಮ್ಮಾ, ಒಂದನ್ನ ಆರಿಸ್ಬೇಕು” ಅಂದಳು. ಆರಿಸುವುದಿಲ್ಲ ಅಂದೆ. ಅಭಿಪ್ರಾಯವಿಲ್ಲ ಅಂತ ಬರೆದುಕೊಂಡಳಂತೆ. ನನಗೆ ಅಭಿಪ್ರಾಯವಿಲ್ಲವಂತೆ ಸೋರೆನ್! ಐವತ್ತು ವರ್ಷ ನನ್ನ ಜೊತೆ ಬಾಳಿದ ನಿಮ್ಮಜ್ಜ ಅದನ್ನು ಕೇಳಿ ಕಾಫಿ ಕುಡಿಯುತ್ತಿದ್ದವರು ಕೆಮ್ಮಿಬಿಟ್ಟರು.

ಇನ್ನು ಆ ಟ್ರೆವರ್ ಎಂಬುವನ ವಿಷಯ. ಅಧ್ಯಕ್ಷರ ಕಚೇರಿಯವನು, ರಾಜಧಾನಿಯಿಂದ ಬಂದವನು, ಚೂಪು ಮೂತಿಯ ಬೂಟು, ಮಾತೆಲ್ಲ ಜೇನು. ಒಳಗೆ ಬಂದವನಿಗೆ ಕಾಫಿ ಬೇಕೇ ಅಂದೆ. ನಮ್ಮವರಾದರೆ ಬೇಡ, ತೊಂದರೆ ತಗೋಬೇಡಿ ಅಂತ ಎರಡು ಸಲ ಅಂದು ಮೂರನೆಯ ಸಲಕ್ಕೆ ತಗೊಳ್ಳುತ್ತಾರೆ. ಇವನು ಒಂದೇ ಮಾತಿಗೆ ಹೂಂ ಅಂದ. ಆಗಲೇ ನಾನು ಎಚ್ಚರವಾಗಬೇಕಿತ್ತು. ಶನಿವಾರ ಅಧ್ಯಕ್ಷರೇ ಹೋಲ್ಮ್‌ಬಿಗೆ ಬರುತ್ತಾರಂತೆ, ನಿನ್ನನ್ನು ಅವರದೇ ವಿಮಾನದಲ್ಲಿ ಕರೆತಂದು ಶಾಲೆಯ ಕ್ರೀಡಾಂಗಣದ ವೇದಿಕೆಯ ಮೇಲೆ ನಮ್ಮ ಕೈಗೆ ಒಪ್ಪಿಸುತ್ತಾರಂತೆ, ಪಕ್ಕದಲ್ಲಿ ಸಂಸದ. ಮಂಗಳವಾರ ಮತದಾನ! “ಏನಂತೀರಾ ಸರ್?” ಅಂತ ನಿಮ್ಮಜ್ಜನನ್ನು ಕೇಳಿದ. ಅಜ್ಜ ಕಿಟಕಿಯಾಚೆ ಮೋಡ ನೋಡಿದರು, ಲೋಟ ತಿರುಗಿಸಿದರು, ಆಮೇಲೆ “ಹೂಂ… ಹಾಗೂ ಮಾಡಬಹುದೇನೋ” ಅಂದರು. ನಮ್ಮ ಕಡೆ ಯಾರಾದರೂ ಹಾಗೆ ಅಂದರೆ ಬೇಡ ಅಂತ ಅರ್ಥ, ಕಾಫಿಗೆ ಥ್ಯಾಂಕ್ಸ್ ಹೇಳಿ ಎದ್ದು ಹೋಗಬೇಕು. ಎದುರಿಗಿರುವವರ ಮುಖಕ್ಕೆ ಇಲ್ಲ ಅನ್ನಲು ನಮ್ಮಲ್ಲಿ ಯಾರಿಗೆ ನಾಲಿಗೆ ಬರುತ್ತದೆ? ಆ ಪುಣ್ಯಾತ್ಮ ನಿಮ್ಮಜ್ಜನ ಕೈ ಹಿಡಿದು ಕುಲುಕಿ ಹೋದ. ಸಂಜೆ ಟೀವಿಯಲ್ಲಿ ನಾವು, ಟಾಲೆಫ್‌ಸನ್ ಕುಟುಂಬದವರು, ಸಂತೋಷದಿಂದ ಒಪ್ಪಿದ್ದೇವೆ ಅಂತ ಬಂತು. ಯೋಧ ಮನೆಗೆ ಬರುತ್ತಾನೆ ಅನ್ನುವ ಗುರುತಿಗೆ ಊರಿನ ಮರಗಳಿಗೆಲ್ಲ ಹಳದಿ ರಿಬ್ಬನ್ ಕಟ್ಟಿದರು. ಈಗ ಇಲ್ಲ ಅಂದರೆ ಊರಿಗೆಲ್ಲ ಬೇಜಾರಾಗುತ್ತದೆ ಅಂತ ನಾವಿಬ್ಬರೂ ಬಾಯಿ ಮುಚ್ಚಿಕೊಂಡಿದ್ದೆವು.

ಆದರೆ ಬುಧವಾರದಿಂದಲೇ ನಿನಗೆ ರಜೆ ಅಂತ ನೀನೇ ಫೋನಿನಲ್ಲಿ ಬಾಯಿ ತಪ್ಪಿ ಹೇಳಿದೆಯಲ್ಲ, ಅದು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಡಾಕ್ಟರು ಬಿಟ್ಟಿದ್ದಾರೆ, ರಜೆಗೆ ಸಹಿ ಬಿದ್ದಿದೆ, ಮತ್ತೆ ಶನಿವಾರದ ತನಕ ಅಲ್ಲಿ ಯಾಕೆ ಕೂರಿಸಿದ್ದಾರೆ? ಲೆಂಗ್‌ನ ಶವಸಂಸ್ಕಾರ ಶುಕ್ರವಾರ ಶುರುವಾಗುತ್ತದೆ. ಅವರ ಹಿರಿಯರು ಹೊರದೇಶದಿಂದ ಬಂದವರಲ್ಲವೇ, ಅವರದು ಮೂರು ದಿನದ ಕಾರ್ಯ, ಒಳ್ಳೆಯ ದಿನ ನೋಡಿ ಮಾಡಬೇಕು, ಆ ದಿನ ಬರಲಿ ಅಂತಲೇ ಪೆಟ್ಟಿಗೆಯನ್ನು ಕಾಯಿಸಿದ್ದಾರೆ. ಅವನ ತಾಯಿ ಪಹುವಾ ಸಂಜೆಯಾದರೆ ನಮ್ಮ ಅಡುಗೆಮನೆಗೆ ಬಂದು ಕೂರುತ್ತಾಳೆ. ಅವಳ ಬೀದಿಯಲ್ಲಿ ರಿಬ್ಬನ್ ಕಟ್ಟಲು ಯಾರೂ ಹೋಗಲಿಲ್ಲ. ಅಧ್ಯಕ್ಷರು ಸಹಿ ಹಾಕಿದ ಒಂದು ಕಾರ್ಡು ಬಂತಂತೆ, ಅದರಲ್ಲಿ ಮಗನ ಹೆಸರು ಹಿಂದುಮುಂದಾಗಿತ್ತಂತೆ.

ನಿನ್ನೆ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರೆಲ್ಲ ಶನಿವಾರದ ಅಡುಗೆ ಹಂಚಿಕೊಳ್ಳುತ್ತಿದ್ದೆವು. ಟ್ರೆವರ್ ಬಂದು ನನ್ನನ್ನು ಪಕ್ಕಕ್ಕೆ ಕರೆದ. “ಅಜ್ಜಿ, ಒಂದು ಸಣ್ಣ ವಿಷಯ. ಅಧ್ಯಕ್ಷರ ಕಾರುಗಳು ಬರೋ ರಸ್ತೇಲೇ ಶವಸಂಸ್ಕಾರ ನಡೀತಿದ್ರೆ ಚೆನ್ನಾಗಿರಲ್ಲ. ಚುನಾವಣೆ ಮುಗಿದ್ಮೇಲೆ ಇಟ್ಕೊಳ್ಳಿ ಅಂತ ಆ ಹೆಂಗಸಿಗೆ ನೀವು ಹೇಳ್ಬೋದಾ? ಹೇಗಿದ್ರೂ ಇಷ್ಟು ದಿನ ಇಟ್ಕೊಂಡಿದ್ದಾರಲ್ಲ.”

ಇಷ್ಟು ದಿನ ಇಟ್ಟುಕೊಂಡಿದ್ದಾರಲ್ಲ! ಫ್ರಿಜ್ಜಿನಲ್ಲಿಟ್ಟ ಮಾಂಸವೇ ಅವನು? ನನ್ನ ಮೇಜಿನ ಮೇಲೆ ನಿನ್ನ ಪಕ್ಕ ಕೂತು ಮೂರನೇ ತಟ್ಟೆ ಬಡಿಸಿಕೊಂಡು, ನನ್ನನ್ನು ಅಜ್ಜಿ ಅಂತ ಕರೆದ ಹುಡುಗ! ಸೋರೆನ್, ನಾನು ಆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ. “ಇಲ್ಲ. ಆಗಲ್ಲ. ನಾನು ಹೇಳಲ್ಲ, ನೀನೂ ಅವಳ ಬಾಗಿಲಿಗೆ ಕಾಲಿಡಕೂಡದು. ಶನಿವಾರ ನನ್ನ ಮೊಮ್ಮಗ ನಿಮ್ಮ ವೇದಿಕೆ ಹತ್ತೋದೂ ಇಲ್ಲ. ಅವನಿಗೆ ಹೋಗೋಕೆ ಬೇರೆ ಕಡೆ ಕೆಲಸ ಇದೆ.” ಯಾರದೋ ಕೈಯಿಂದ ಚಮಚ ಬಿತ್ತು. ಟ್ರೆವರ್ ಮತ್ತೆ ಜೇನು ಸುರಿಸಲು ಬಂದ, “ನಿಮ್ಮ ಯಜಮಾನ್ರು ಒಪ್ಪಿದ್ರಲ್ಲ” ಅಂದ. ನಿಮ್ಮಜ್ಜ ಬಾಗಿಲಲ್ಲೇ ನಿಂತಿದ್ದರು. “ನಾನು ಒಪ್ಪಿರ್ಲಿಲ್ಲ” ಅಂದರು. ಅಷ್ಟೇ ಅಂದದ್ದು, ಆಮೇಲೆ ನನ್ನ ಕೋಟು ಎತ್ತಿಕೊಂಡು ಬಾಗಿಲು ತೆರೆದು ಹಿಡಿದರು.

ಊರು ನಮ್ಮ ಮೇಲೆ ಮುನಿದಿದೆ. ವರ್ನಾ ನನ್ನ ಗೆಳತಿಯಾಗಿ ನಲವತ್ತು ವರ್ಷ, ಅವಳೇ “ಅಷ್ಟು ಜೋರಾಗಿ ಹೇಳ್ಬೇಕಿತ್ತೇನೇ?” ಅಂತ ಮುಖ ತಿರುಗಿಸಿದಳು. ಅಧ್ಯಕ್ಷರು ಮೊದಲ ಸಲ ನಮ್ಮೂರಿಗೆ ಬರುತ್ತಿದ್ದರೆ ನಾನು ಕಲ್ಲು ಹಾಕಿದೆನಂತೆ, ಕ್ಲಿಫರ್ಡ್ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ. ನಿನ್ನ ನೋವಿನಿಂದ ಅವರಿಗೆ ಒಂಬತ್ತು ಅಂಕ ಸಿಕ್ಕಿತು, ನಿನ್ನ ಕುಂಟು ಕಾಲನ್ನು ತೋರಿಸಿ ಹತ್ತನೆಯದನ್ನೂ ಎತ್ತಬೇಕೆಂದಿದ್ದಾರೆ. ಇಂಥವರಿಗೇ ಮತ ಹಾಕು ಅಂತ ನಾನು ನಿನಗೆ ಹೇಳುತ್ತಿಲ್ಲ, ಎಂದೂ ಹೇಳಿದವಳಲ್ಲ. ನಿನ್ನನ್ನು ಅವರ ಮತದ ಪೆಟ್ಟಿಗೆಗೆ ಹಾಕಬೇಡ ಅಂತ ಮಾತ್ರ ಹೇಳುತ್ತಿದ್ದೇನೆ. ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಅಜ್ಜ ಟ್ರಕ್ಕಿನ ಚಕ್ರಗಳಿಗೆ ಗಾಳಿ ತುಂಬುತ್ತಿದ್ದರು. ಎಲ್ಲಿಗೆ ಅಂದರೆ “ಟೆಕ್ಸಸ್ಸಿಗೆ” ಅಂದರು, ಪಕ್ಕದ ಹಳ್ಳಿಗೆ ಹೋಗುವವರ ಹಾಗೆ.

ಬುಧವಾರ ರಜೆಯ ಚೀಟಿ ಕೈಗೆ ಬಂದ ಕೂಡಲೇ ಅಜ್ಜನ ಜೊತೆ ಹೊರಡು. ರಜೆ ನಿನ್ನದು, ವಿಮಾನ ಮಾತ್ರ ಅವರದು. ಯಾರಾದರೂ ತಡೆದು ಅಧ್ಯಕ್ಷರಿಗೆ ಬೇಜಾರಾಗುತ್ತೆ ಅಂದರೆ, ಆಗಲಿ ಬಿಡಿ ಅನ್ನು. ಸೀಟಿನ ಹಿಂದೆ ಕಾಲು ಚಾಚಲು ದಿಂಬು ಇಟ್ಟಿದ್ದೇನೆ. ಮಾಂಸದ ಬ್ರೆಡ್ಡು, ಸೇಬು, ಬಿಸ್ಕತ್ತು ಇವೆ. ಅಜ್ಜ ಐದು ಗಂಟೆಗಿಂತ ಹೆಚ್ಚು ಒಂದೇ ಸಮನೆ ಓಡಿಸದ ಹಾಗೆ ನೋಡಿಕೋ, ಅವರು ತಮಗೆ ನಿದ್ದೆ ಬರುತ್ತಿದೆ ಅಂತ ಸತ್ತರೂ ಒಪ್ಪುವುದಿಲ್ಲ. ಸುಖವಾಗಿ ಬಂದು ಸೇರು ಕಂದಾ. ತೀರಿಹೋದ ನಿಮ್ಮಮ್ಮನ ಆಶೀರ್ವಾದವೂ ನನ್ನ ಆಶೀರ್ವಾದವೂ ದಾರಿಯುದ್ದಕ್ಕೂ ನಿನ್ನ ಮೇಲಿರಲಿ. ನಿನ್ನನ್ನು ನೋಡಿಕೊಂಡ ಆ ನರ್ಸಮ್ಮನಿಗೆ ನನ್ನ ನಮಸ್ಕಾರ ಹೇಳು.

ನಿನ್ನ ಪ್ರೀತಿಯ ಅಜ್ಜಿ,
ಆರ್ಡಿಸ್

ಮತ್ತೆ: ಅಜ್ಜ ಹಾರ್ನ್ ಹೊಡೆಯುತ್ತಿದ್ದಾರೆ, ಆದರೆ ಈಗಷ್ಟೇ ಪಹುವಾ ಓಡಿ ಬಂದಳು. ಮೊದಲ ಸಲ ನನ್ನ ಹತ್ತಿರ ಒಂದು ಉಪಕಾರ ಕೇಳಿದಳು. ಅವರಲ್ಲಿ ಶುಕ್ರವಾರ ಹಿರಿಯರೊಬ್ಬರು ಸತ್ತವನ ಕಿವಿಗೆ ದಾರಿ ಹಾಡುತ್ತಾರಂತೆ. ಕೊನೆಗೆ ಇದ್ದ ಊರಿನಿಂದ ಹಿಡಿದು ಅವನು ಬಾಳಿದ ಒಂದೊಂದೇ ಊರಿನ ಹೆಸರು ಹೇಳಿ, ಅಲ್ಲಲ್ಲಿ ನೆಲಕ್ಕೆ, ನೀರಿಗೆ ಕೃತಜ್ಞತೆ ಸಲ್ಲಿಸಿ, ಹುಟ್ಟಿದ ಮನೆಯ ತನಕ ಕರೆದುಕೊಂಡು ಬರಬೇಕಂತೆ. ಆ ಕೊನೆಯ ಊರಿನ ಹೆಸರು ಗೊತ್ತಿಲ್ಲದಿದ್ದರೆ ಹಾಡು ಶುರುವಾಗುವುದೇ ಇಲ್ಲ, ಹುಡುಗ ಅಲ್ಲೇ ನಿಂತುಬಿಡುತ್ತಾನೆ ಅಂತ ಅವಳು ಒದ್ದಾಡುತ್ತಿದ್ದಾಳೆ. ಸೈನ್ಯದವರು ಅದು ರಹಸ್ಯ ಅಂದಿದ್ದಾರೆ. ಹೇಳಬಾರದು ಅಂತ ನಿನ್ನಿಂದಲೂ ಆಣೆ ಮಾಡಿಸಿಕೊಂಡಿರುತ್ತಾರೆ, ನನಗೆ ಗೊತ್ತು. ನೀನು ಬರಲು ಆಗಲಿ ಬಿಡಲಿ ಮಗು, ನಿಮ್ಮಿಬ್ಬರನ್ನು ಕೂಡಿಹಾಕಿದ್ದ ಆ ಹಳ್ಳಿಯ ಹೆಸರೇನು, ಅದನ್ನು ಅಜ್ಜನ ಕಿವಿಯಲ್ಲಿ ಹೇಳು. ಅವರು ಯಾರಿಗೂ ಹೇಳುವುದಿಲ್ಲ, ಪಹುವಾಗೆ ಮಾತ್ರ ಹೇಳುತ್ತಾರೆ.