ಹುಕ್ಕೇರಿಯಲ್ಲಿರುವ ಇನ್ನೊಂದು ಓಲೆ

ತುಕ್ಕಾನಟ್ಟಿ
೧೨ ಫೆಬ್ರುವರಿ ೨೦೨೪, ಸೋಮವಾರ

ಪ್ರೀತಿಯ ತಂಗಿ ವಿಜಯಶ್ರೀಗೆ,

ನಿನ್ನ ರಾಮವ್ವಕ್ಕನ ಆಶೀರ್ವಾದಗಳು. ನಾವೆಲ್ಲ ಕ್ಷೇಮ ಎಂದು ಬರೆಯುವ ಜಾಗ ಇದು. ಬರೆದೆ ಎಂದುಕೋ. ಎಮ್ಮೆ ಕ್ಷೇಮ, ಕಬ್ಬು ಕ್ಷೇಮ, ನಿಮ್ಮ ಭಾವನವರೂ ಕ್ಷೇಮ. ನನ್ನ ಸುದ್ದಿ ಆಮೇಲೆ, ಮೊದಲು ಕೆಲಸದ ಮಾತು.

ಮನೆಗೆ ಬರೆಯದೆ ನಿನ್ನ ಸಾಲೆಯ ವಿಳಾಸಕ್ಕೆ ಯಾಕೆ ಬರೆದೆ ಎಂದು ಕೇಳಬೇಡ. ಮನೆಗೆ ಬಂದರೆ ನಿನ್ನ ಗಂಡ ಗಜಾನನ ಮೊದಲು ಒಡೆದು ಓದುತ್ತಾನೆ. ಫೋನು ಮಾಡೋಣವೆಂದರೆ ಅಲ್ಲಿ ಅವನೇ ಬಾಜೂ ಕೂತಿರುತ್ತಾನೆ, ಇಲ್ಲಿ ನನ್ನ ಗಂಡ. ಅಣ್ಣತಮ್ಮಂದಿರು ಬಾವಿ ನೀರಿನ ಪಾಳಿಗೆ ಜಗಳಾಡಿ ಮಾತು ಬಿಟ್ಟರು, ಅವರ ಹೆಂಡಿರು ನಾವು, ನೆಗೆಣ್ಣಿಯರ ಬಾಯಿಗೂ ಬೀಗ ಬಿತ್ತು. ಮಕ್ಕಳ ಮುಂದೆ ಇದನ್ನು ಓದಬೇಡ, ನಿನಗೆ ನಗು ಬೇಗ ಬರುತ್ತದೆ.

ಹೋದ ತಿಂಗಳು ನಮ್ಮ ಓಣಿಯ ಅಣ್ಣಪ್ಪನ ಮನೆ ಕಳ್ಳತನವಾಯಿತು. ದೇವರ ಜಗಲಿಯ ಬೆಳ್ಳಿಯನ್ನೂ ಬಿಡಲಿಲ್ಲ. ಅವತ್ತಿನಿಂದ ನನಗೆ ಅತ್ತೆಯ ವಜ್ರದ ಓಲೆಯ ಚಿಂತೆ ಹತ್ತಿತು. ಕಾಳಿನ ಡಬ್ಬಿಯಲ್ಲಿಟ್ಟೆ, ಹಾಸಿಗೆಯ ಕೆಳಗಿಟ್ಟೆ, ಎಲ್ಲಿಟ್ಟರೂ ಸಮಾಧಾನವಿಲ್ಲ. ವಿಮೆ ಮಾಡಿಸಿದರೆ ಕಳೆದರೂ ರೊಕ್ಕ ಬರುತ್ತದೆ ಎಂದು ಯಾರೋ ಹೇಳಿದರು. ಬಸ್ಸು ಹಿಡಿದು ಗೋಕಾಕಕ್ಕೆ ಹೋದೆ.

ಚೀಲದಲ್ಲಿ ಒಯ್ದರೆ ಯಾರಾದರೂ ಹೊಡೆದಾರು ಎಂದು ಕಿವಿಗೇ ಹಾಕಿಕೊಂಡಿದ್ದೆ. ಒಂದು ಕಿವಿಯಲ್ಲಿ ಏಳು ಹರಳಿನ ಓಲೆ, ಇನ್ನೊಂದರಲ್ಲಿ ತೂತು ಮುಚ್ಚಬಾರದೆಂದು ಬೇವಿನ ಕಡ್ಡಿ. ಬಸ್ಸಿನಲ್ಲಿ ಬಾಜೂ ಕೂತಾಕೆ ಗೋಕಾಕ ಬರುವ ತನಕ ಕಿಟಕಿಯ ಹೊರಗೆ ನೋಡಲೇ ಇಲ್ಲ, ನನ್ನ ಕಿವಿಗಳನ್ನೇ ನೋಡಿದಳು.

ವಿಮೆ ಆಫೀಸಿನಲ್ಲಿ ಕಾಜಲ್ ಎಂಬ ಹುಡುಗಿ ಇದ್ದಳು, ನಮ್ಮ ಮಗಳ ವಾರಿಗೆಯವಳು. ಅವಳೂ ಮೊದಲು ಕಿವಿಯನ್ನೇ ನೋಡಿದಳು. ಇನ್ನೊಂದು ಯಾವಾಗ ಕಳೀತ್ರಿ ಅವ್ವಾರ, ಪೊಲೀಸರಿಗೆ ಹೇಳೀರೇನ್ರಿ ಎಂದು ಬಹಳ ಕನಿಕರದಿಂದ ಕೇಳಿದಳು. ಕಳದಿಲ್ಲವ್ವಾ, ಹುಕ್ಕೇರ್ಯಾಗ ನನ್ನ ನೆಗೆಣ್ಣಿ ಹತ್ತಿರ ಐತಿ ಎಂದೆ. ಅವಳು ಬರೆಯುವುದನ್ನು ನಿಲ್ಲಿಸಿ ಪೆನ್ನು ಕೆಳಗಿಟ್ಟಳು.

ನಿನಗೆ ಗೊತ್ತಿರುವುದನ್ನೆಲ್ಲ ಅವಳಿಗೆ ಬಿಡಿಸಿ ಹೇಳಬೇಕಾಯಿತು. ಬೆಲ್ಲಕ್ಕೆ ಬೆಲೆ ಬಂದ ವರ್ಷ ಮಾವನವರು ಬೆಳಗಾವಿಯಿಂದ ಆ ಜೋಡಿ ತಂದದ್ದು, ಅತ್ತೆ ಸಾವಂತ್ರೆವ್ವ ಹಾಸಿಗೆ ಹಿಡಿದಾಗ ನಮ್ಮಿಬ್ಬರನ್ನೂ ಕರೆದು ಒಬ್ಬೊಬ್ಬರ ಅಂಗೈಯಲ್ಲಿ ಒಂದೊಂದು ಓಲೆ ಇಟ್ಟದ್ದು. ಹಬ್ಬ, ಮದುವಿ ಬಂದ್ರ ಪಾಳಿ ಪ್ರಕಾರ ಒಬ್ಬಾಕಿ ಹಾಕ್ಕೋರಿ, ಇನ್ನೊಬ್ಬಾಕಿ ತಂದು ಕೊಡ್ರಿ, ಬ್ಯಾರೆ ಆದ್ರೂ ಒಬ್ಬರ ಮನಿಗೆ ಒಬ್ಬರು ಹೋಗೂದು ತಪ್ಪಬಾರದು ಎಂದಿದ್ದರಲ್ಲ, ಅದನ್ನೂ ಹೇಳಿದೆ. ಊರೆಲ್ಲ ನಕ್ಕಿತ್ತು. ಮುದುಕಿ ತನ್ನ ಗಂಡುಮಕ್ಕಳ ಸ್ವಭಾವ ಬಲ್ಲವರು, ಅದಕ್ಕೇ ನಮ್ಮ ಕಿವಿಗೆ ಗಂಟು ಹಾಕಿ ಹೋದರು ಎಂದು ನನಗೆ ಈಗ ತಿಳಿಯುತ್ತದೆ.

ಹುಡುಗಿ ಕಂಪನಿಯ ರೀತಿ ಹೇಳಿದಳು. ಜೋಡಿಗೆ ವಿಮೆ ಮಾಡಿಸಿ, ಅದರಲ್ಲಿ ಒಂದು ಕಳೆದರೆ ಒಂದರ ರೊಕ್ಕ ಮಾತ್ರ ಕೊಡುತ್ತಾರಂತೆ, ಇನ್ನೊಂದು ನಮ್ಮ ಕೈಯಲ್ಲೇ ಉಳಿದಿರುತ್ತದಲ್ಲ ಎಂದು. ಉಳಿದ ಒಂದನ್ನು ಇಟ್ಟುಕೊಂಡು ನಾನು ಏನು ಮಾಡಲಿ ಎಂದು ಕೇಳಿದೆ. ಅದನ್ನ ಕಂಪನಿ ನೋಡೂದಿಲ್ರಿ ಎಂದಳು. ಮನೆಗೆ ಬರುವವರೆಗೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿತ್ತು.

ಈಗ ಆಗಬೇಕಾದದ್ದು ಇಷ್ಟು. ಜೋಡಿಯನ್ನು ಮೂಡಲಗಿಯ ಈಶ್ವರ ಪತ್ತಾರರಿಗೆ ತೋರಿಸಬೇಕು. ಅವರು ತೂಗಿ, ಹರಳು ನೋಡಿ ಬೆಲೆ ಬರೆದುಕೊಟ್ಟರೆ ಕಂಪನಿ ಒಪ್ಪುತ್ತದೆ. ಬರುವ ಗುರುವಾರ ಕಂಪನಿಯ ಮನುಷ್ಯನೂ ಅವರ ಅಂಗಡಿಗೆ ಬರುತ್ತಾನೆ. ಅರ್ಧ ದಿನ ರಜೆ ಹಾಕಿ, ನಿನ್ನ ಓಲೆ ತೆಗೆದುಕೊಂಡು ಬಾ. ಗೋಕಾಕದಲ್ಲಿ ಬಸ್ಸು ಬದಲಿಸು. ನಾನು ಮೂಡಲಗಿ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಗಜಾನನ ಕೇಳಿದರೆ ವಿಮೆಯ ಕೆಲಸ ಎನ್ನು, ಆಸ್ತಿಯ ಮಾತಿಗೆ ಗಂಡಸರು ಅಡ್ಡ ಬರುವುದಿಲ್ಲ.

ಕೆಲಸದ ಮಾತು ಮುಗಿಯಿತು. ಇನ್ನು ನನ್ನ ಸುದ್ದಿ.

ರೊಟ್ಟಿ ಸೀಯುತ್ತಿವೆ, ವಿಜೀ. ಮೊದಲು ನಾನು ಬಡಿಯುತ್ತಿದ್ದೆ, ನೀನು ಬೇಯಿಸುತ್ತಿದ್ದೆ. ಈಗ ಒಂದನ್ನು ಬಡಿಯುವುದರಲ್ಲಿ ಹೆಂಚಿನ ಮೇಲಿನದು ಕರಕಾಗುತ್ತದೆ. ನಿಮ್ಮ ಭಾವನವರು ಕರಕಾದದ್ದನ್ನೇ ಸುಮ್ಮನೆ ತಿಂದು ಎದ್ದು ಹೋಗುತ್ತಾರೆ. ಸೀದೈತಿ ಎಂದು ಬೈದರೂ ಚಲೋ ಇತ್ತು, ಮನೆಯಲ್ಲಿ ಒಂದು ಮಾತು ಕೇಳಿದಂತಾಗುತ್ತಿತ್ತು.

ನೀವು ಹುಕ್ಕೇರಿಗೆ ಹೋದಮೇಲೆ ಪಡಸಾಲೆ ಪಾಲು ಮಾಡಿ ಕಟ್ಟಿದ ಗೋಡೆಯ ಆಚೆ ಮೇವು ಒಟ್ಟಿದ್ದಾರೆ. ಗೋಡೆ ಎದ್ದಮೇಲೂ ಚಹಾ ಆದಾಗ ನಾನು ಲಟ್ಟಣಿಗೆಯಿಂದ ಗೋಡೆ ಬಡಿಯುತ್ತಿದ್ದೆ, ನೀನು ಹಿತ್ತಲಿನಿಂದ ಬಂದು ಕುಡಿದು ಹೋಗುತ್ತಿದ್ದೆ. ಮೊನ್ನೆ ಚಹಾ ಇಳಿಸಿ ಏನೋ ಯೋಚನೆಯಲ್ಲಿ ಬಡಿದೇಬಿಟ್ಟೆ. ಮೇವಿನೊಳಗಿಂದ ಬೆಕ್ಕೊಂದು ಓಡಿತು. ಅವತ್ತು ಚಹಾ ಕುಡಿಯಲು ಮನಸ್ಸಾಗಲಿಲ್ಲ.

ಯಮಕನಮರಡಿಯ ಮದುವೆಯಲ್ಲಿ ನಿನ್ನನ್ನು ನೋಡಿದೆ. ನೀನು ಆಚೆ ಸಾಲಿನಲ್ಲಿ ಊಟಕ್ಕೆ ಕೂತಿದ್ದೆ. ಅವತ್ತು ಓಲೆಯ ಪಾಳಿ ನಿನ್ನದು. ನನ್ನ ಹತ್ತಿರದ್ದನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದಿದ್ದೆ. ನಿಮ್ಮ ಭಾವನವರು ನನ್ನನ್ನು ನೋಡುತ್ತಿದ್ದರು, ಗಜಾನನ ನಿನ್ನನ್ನು ನೋಡುತ್ತಿದ್ದ. ನೀನು ಜುಮುಕಿ ಹಾಕಿಕೊಂಡಿದ್ದೆ, ಒಂದು ಸಲ ನನ್ನ ಸೆರಗಿನ ಗಂಟು ನೋಡಿ ತಲೆ ತಗ್ಗಿಸಿದೆ. ಕೊಡಲು ನನಗೆ ಧೈರ್ಯ ಬರಲಿಲ್ಲ. ಗಂಟು ಹಾಗೇ ಮನೆಗೆ ಬಂತು.

ಒಂದು ಮಾತು ನೇರವಾಗಿ ಹೇಳುತ್ತೇನೆ. ಅವರಿಬ್ಬರ ಮಾತು ಅವರಿಬ್ಬರಿಗೆ. ಗುರುವಾರ ನೀನೂ ಬರದಿದ್ದರೆ, ನೀನೂ ನನ್ನನ್ನು ಬಿಟ್ಟೆ ಎಂದು ತಿಳಿಯುತ್ತೇನೆ. ಮತ್ತೆ ಕಾಗದ ಬರೆಯುವುದಿಲ್ಲ. ತಾಯಿಮನೆಯಲ್ಲಿ ನನಗೆ ಒಡಹುಟ್ಟಿದ ತಂಗಿಯಿಲ್ಲ, ಗೊತ್ತಲ್ಲ ನಿನಗೆ.

ಬಿಸಿಲು ಏರುತ್ತಿದೆ, ಬಸ್ಸಿನಲ್ಲಿ ಕುಡಿಯಲು ನೀರು ತಾ.

ನಿನ್ನ ಅಕ್ಕ,
ರಾಮವ್ವ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದೆ. ಕಂಪನಿಯ ಮನುಷ್ಯ ಬರುವ ಗುರುವಾರ ಬರುವುದಿಲ್ಲ, ಹೋದ ಗುರುವಾರವೇ ಬಂದು ಹೋದ. ಒಂಟಿ ಓಲೆಗೂ ವಿಮೆ ಆಗುತ್ತದೆ ಎಂದು ಕಾಜಲ್ ಅವತ್ತೇ ಹೇಳಿದ್ದಳು. ಈಶ್ವರ ಪತ್ತಾರರು ನನ್ನದನ್ನು ತೂಗಿ ಬರೆದುಕೊಟ್ಟರು, ವಿಮೆಯೂ ಆಯಿತು. ನಿನ್ನ ಓಲೆ ಯಾರಿಗೂ ಬೇಕಾಗಿಲ್ಲ, ಮನೆಯಲ್ಲೇ ಇಟ್ಟು ಬಾ. ಸ್ಟ್ಯಾಂಡಿನಲ್ಲಿ ನಾನಂತೂ ನಿಂತಿರುತ್ತೇನೆ.